ಸಮುದ್ರದ ಬೋರ್ಡು

ಕಂಡಕ್ಟರ್ ಮಾವನಿಗೆ ನೆಲದ ಮೇಲೆ ಲಗೇಜು ಬಿದ್ದಿರುವುದನ್ನು ಕಂಡರೆ ಆಗುತ್ತಿರಲಿಲ್ಲ. ಬಸ್ಸಿನ ಕೆಲಸದಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಆದರೂ ಯಾರ ಮನೆಯ ಮುಂದೆ ಒಂದು ಚೀಲ ಕಂಡರೂ ಅವರ ಕೈ ತುರಿಸುತ್ತಿತ್ತು. ಅದನ್ನು ಎತ್ತಿ ಯಾವುದಾದರೂ ಗಾಡಿಯ ಮೇಲೆ ಹಾಕಬೇಕು, ಹಗ್ಗ ಬಿಗಿಯಬೇಕು, ಸೀಟಿ ಊದಿ 'ರೈಟ್' ಅನ್ನಬೇಕು, ಆಗಲೇ ಜೀವಕ್ಕೆ ನೆಮ್ಮದಿ. ಆ ದಿನ ಬೆಳಿಗ್ಗೆ ಬೀದಿಯ ತುದಿಯಲ್ಲಿ ಬೇಕಾದಷ್ಟು ಲಗೇಜು ಬಿದ್ದಿತ್ತು, ಹೊರಡುವುದಕ್ಕೆ ಒಂದು ಗಾಡಿಯೂ ತಯಾರಾಗಿ ನಿಂತಿತ್ತು. ಮುಂದೆ ನಡೆದ ಅನಾಹುತಕ್ಕೆಲ್ಲ ಇಷ್ಟೇ ಕಾರಣ.

ಗಾಡಿ ಎಂದರೆ ಕೊಡೆಯಣ್ಣನ ಕೈಸೈಕಲ್ಲು. ಮೂರು ಚಕ್ರ, ಒಂದು ಸೀಟು, ಎದೆಯ ಮಟ್ಟಕ್ಕೆ ಎರಡು ಹಿಡಿ. ಉಳಿದವರು ಕಾಲಲ್ಲಿ ತುಳಿಯುವುದನ್ನು ಅವನು ಕೈಯಲ್ಲಿ ತಿರುಗಿಸುತ್ತಿದ್ದ. ಇನ್ನೂ ಅಂಬೆಗಾಲಿಡುತ್ತಿದ್ದ ವಯಸ್ಸಿನಲ್ಲೇ ಪೋಲಿಯೊ ಬಂದು ಅವನ ಎರಡೂ ಕಾಲುಗಳ ಬಲವನ್ನು ತೆಗೆದುಕೊಂಡು ಹೋಗಿತ್ತು. ತೋಳುಗಳು ಮಾತ್ರ ಕಾಲಿನ ಪಾಲನ್ನೂ ಸೇರಿಸಿ ಬೆಳೆದಿದ್ದವು. ಬೀದಿಯಲ್ಲಿ ಯಾರ ಮನೆಯ ಡಬ್ಬದ ಮುಚ್ಚಳ ಬಿಗಿಯಾದರೂ ಅವನ ಅಂಗಡಿಗೇ ಬರುತ್ತಿತ್ತು.

ಅಂಗಡಿ ಕೊಡೆ ರಿಪೇರಿಯದು. ಮಳೆಗಾಲದಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ಮುರಿದ ಕಡ್ಡಿ, ಹರಿದ ಬಟ್ಟೆ, ಒಮ್ಮೆ ಬಿಚ್ಚಿದರೆ ಮುಚ್ಚಲು ಒಪ್ಪದ ಹಟಮಾರಿ ಸ್ಪ್ರಿಂಗು. ಬೇಸಿಗೆಯಲ್ಲಿ ಒಬ್ಬ ಗಿರಾಕಿಯೂ ಇಲ್ಲ. ಆಗ ಕೊಡೆಯಣ್ಣ ತೇಪೆ ಹಾಕಿದ ಕೊಡೆಗಳನ್ನೆಲ್ಲ ಬಿಚ್ಚಿ ಛಾವಣಿಗೆ ನೇತುಹಾಕಿ, ಅವುಗಳ ಕೆಳಗೆ ಕೂತು ಕನಸು ಕಾಣುತ್ತಿದ್ದ. ಹಳದಿ ಕೊಡೆಯಿಂದ ಹಳದಿ ಬೆಳಕು, ನೀಲಿಯಿಂದ ನೀಲಿ. ನೀಲಿ ಕೊಡೆಯ ಕೆಳಗೆ ಕೂತಾಗ ಅವನಿಗೆ ಸಮುದ್ರ ನೆನಪಾಗುತ್ತಿತ್ತು. ನೋಡದೇ ಇರುವುದು ನೆನಪಾಗುವುದು ಹೇಗೆ ಎಂದು ಕೇಳಬೇಡಿ, ಕೊಡೆಯಣ್ಣನಿಗೆ ನೆನಪಾಗುತ್ತಿತ್ತು. ಅಲ್ಲಿಯವರೆಗೆ ತನ್ನ ಕೈಯಿಂದಲೇ ಚಕ್ರ ತಿರುಗಿಸಿಕೊಂಡು ಹೋಗಬೇಕು. ದಾರಿಯ ಪ್ರತಿ ಊರಿನಲ್ಲೂ ನಿಂತು, 'ನನ್ನ ಕಾಲು ನೋಡಿ, ನಿಮ್ಮ ಮಕ್ಕಳಿಗೆ ಪೋಲಿಯೊದ ಎರಡು ಹನಿ ತಪ್ಪಿಸಬೇಡಿ' ಎಂದು ಹೇಳಬೇಕು. ಕೊನೆಗೊಂದು ದಿನ ಮುಂದಿನ ಚಕ್ರಕ್ಕೆ ಅಲೆ ತಾಗಬೇಕು.

ಈ ಕನಸನ್ನು ಅವನು ಬಾಯಿ ಬಿಟ್ಟು ಹೇಳಿದ್ದು ಒಂದೇ ಒಂದು ಸಲ, ಕಂಡಕ್ಟರ್ ಮಾವನ ಕೊಡೆಗೆ ಹಿಡಿ ಕೂರಿಸುವಾಗ. ಸಂಜೆಯೊಳಗೆ ಅದು ಇಡೀ ಬೀದಿಯ ಕಾರ್ಯಕ್ರಮವಾಗಿಬಿಟ್ಟಿತ್ತು.

"ಬೆಳಗಿನ ಜಾವ ಯಾರಿಗೂ ಗೊತ್ತಾಗದ ಹಾಗೆ ಹೊರಟುಬಿಡ್ತೀನಿ ಮಾವ," ಎಂದ ಕೊಡೆಯಣ್ಣ.

"ಗೊತ್ತಾಗದ ಹಾಗೆ ಹೋದ್ರೆ ಅದು ಪ್ರಚಾರ ಹೇಗಾಗತ್ತೋ? ಓಡಿಹೋದ ಹಾಗಾಗತ್ತೆ! ಹನಿ ಹಾಕೋ ದಿನವೇ ಹೊರಡು. ಬೀಳ್ಕೊಡುಗೆಗೆ ಬಂದ ತಾಯಂದಿರು ಹಾಗೇ ಮಕ್ಕಳಿಗೂ ಹಾಕಿಸಿಕೊಂಡು ಹೋಗ್ತಾರೆ. ಒಂದೇ ಟ್ರಿಪ್ಪಲ್ಲಿ ಎರಡು ಕೆಲಸ."

ಬೋರ್ಡು ಬರೆಸಿದವರೂ ಅವರೇ. ಬಸ್ಸಿಗಿರುವ ಹಾಗೆ ಮುಂದೊಂದು, ಹಿಂದೊಂದು. ದಪ್ಪ ಅಕ್ಷರದಲ್ಲಿ 'ಸಮುದ್ರ', ಅದರ ಕೆಳಗೆ ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರದಲ್ಲಿ 'ಪೋಲಿಯೊ ತೊಲಗಲಿ'. ದೊಡ್ಡದಾಗಬೇಕಾದದ್ದು ಚಿಕ್ಕದಾಯಿತಲ್ಲ ಎಂದು ಕೊಡೆಯಣ್ಣ ಮೆಲ್ಲಗೆ ಹೇಳಿನೋಡಿದ. "ಜನಕ್ಕೆ ಬೇಕಾದ್ದು ಕೊನೇ ಸ್ಟಾಪು ಕಣೋ," ಎಂದು ಮಾವ ಬೋರ್ಡಿಗೆ ಇನ್ನೊಂದು ಮೊಳೆ ಹೊಡೆದರು.

ಹೀಗೆ ಆ ದಿನ ಬಂತು. ಬೀದಿಯ ತುದಿಯಲ್ಲಿ ನರ್ಸಮ್ಮ ಮೇಜು ಹಾಕಿ, ಹನಿಯ ಸೀಸೆಗಳಿದ್ದ ಮಂಜುಗಡ್ಡೆಯ ಡಬ್ಬಿಯನ್ನು ನೆರಳು ನೋಡಿ ನೆಲದ ಮೇಲಿಟ್ಟು, "ಬೀಳ್ಕೊಡುಗೆ ಬೇಗ ಮುಗಿಸಿ, ನಂಗೆ ಇವತ್ತು ಒಂದು ಮಗುವೂ ತಪ್ಪಬಾರದು," ಎಂದರು. ಮೇಜಿನ ಪಕ್ಕದ ಕುರ್ಚಿಯಲ್ಲಿ ಕೊಡೆಯಣ್ಣನ ಅಮ್ಮ ಆಗಲೇ ಬಂದು ಕೂತಿದ್ದಳು. ಹನಿ ಹಾಕುವ ದಿನಗಳಲ್ಲೆಲ್ಲ ಅವಳು ಹಾಗೆಯೇ. ಬೆಳಿಗ್ಗೆ ಬಂದು ಕೂತರೆ, ಬೀದಿಯ ಕೊನೆಯ ಕೂಸಿನ ಬಾಯಿಗೆ ಹನಿ ಬೀಳುವವರೆಗೆ ಏಳುತ್ತಿರಲಿಲ್ಲ. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಕೊಡೆಯಣ್ಣ ಎಳೆಗೂಸಾಗಿದ್ದಾಗ ಅವರ ಊರಿಗೆ ಹನಿ ಬಂದ ದಿನ, ಊರವರೆಲ್ಲ ಹೊರಟರೆಂದು ಅವಳೂ ಮಗುವನ್ನು ಎತ್ತಿಕೊಂಡು ಗಾಡಿ ಹತ್ತಿ ಒಂದು ಮದುವೆಗೆ ಹೋಗಿದ್ದಳು. ಅದರ ಬಗ್ಗೆ ಅವಳು ಮಾತಾಡುತ್ತಿರಲಿಲ್ಲ, ಮಗನೂ ಕೇಳುತ್ತಿರಲಿಲ್ಲ.

ಬೀಳ್ಕೊಡುಗೆ ಬೇಗ ಮುಗಿಯಲಿಲ್ಲ. ಕಂಡಕ್ಟರ್ ಮಾವ ಮಾತಾಡಿದರು. ಯಾರೂ ಕರೆಯದಿದ್ದ ಕಟಿಂಗ್ ಶಾಪಿನವನೂ ಮಾತಾಡಿದ. ಕೊಡೆಯಣ್ಣನ ತಲೆಗೂದಲು ಎಷ್ಟು ಗಟ್ಟಿ ಎಂಬುದರಿಂದ ಹಿಡಿದು ಅವನ ಮನಸ್ಸು ಎಷ್ಟು ಗಟ್ಟಿ ಎಂಬಲ್ಲಿಗೆ ಬರುವಷ್ಟರಲ್ಲಿ ಬಿಸಿಲೇರಿತು. ರಿಬ್ಬನ್ನು ಕತ್ತರಿಸಲು ಕತ್ತರಿ ಸಿಗಲಿಲ್ಲ. ಸಿಕ್ಕಾಗ ರಿಬ್ಬನ್ನು ಸಿಗಲಿಲ್ಲ, ಯಾವುದೋ ಕೂಸು ಅದನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ಕೊನೆಗೆ ಕಂಡಕ್ಟರ್ ಮಾವ ತಾಳ್ಮೆಗೆಟ್ಟು, "ಲಗೇಜು ಏರಿಸಿ!" ಎಂದು ಕೂಗಿದ್ದೇ ತಡ, ಬೀದಿಯವರೆಲ್ಲ ಕೈಗೆ ಸಿಕ್ಕಿದ್ದನ್ನು ಎತ್ತಿ ಸೀಟಿನ ಹಿಂದೆ ಪೇರಿಸಿದರು. ಮಾವ ಹಗ್ಗ ಬಿಗಿದರು, ಸೀಟಿ ಊದಿದರು. "ರೈಟ್, ರೈಟ್!"

ಕೊಡೆಯಣ್ಣ ಹಿಡಿ ತಿರುಗಿಸಿದ. ಚಪ್ಪಾಳೆ ಹಿಂದೆ ಹಿಂದೆ ಉಳಿಯಿತು. ಬೀದಿ ಮುಗಿದು ತಿರುವು ಬಂದಾಗ ಅವನಿಗೆ ನಿಜವಾಗಿಯೂ ಎದೆ ತುಂಬಿ ಬಂತು.

ಬಸ್ಸು ಓಡುವ ಹೊಸ ರಸ್ತೆಯಲ್ಲೇ ಹೋಗಬೇಕೆಂದು ಕಂಡಕ್ಟರ್ ಮಾವನ ಅಪ್ಪಣೆಯಾಗಿತ್ತು. ಕೊಡೆಯಣ್ಣ ತಿರುವು ದಾಟಿದ ಮೇಲೆ ಹಿಂದೆ ಮುಂದೆ ನೋಡಿ, ಮೆಲ್ಲಗೆ ಕಾಲುವೆ ಪಕ್ಕದ ಹಳೇ ರಸ್ತೆಗೆ ಇಳಿದುಬಿಟ್ಟ. ಅಲ್ಲಿ ಎರಡೂ ಕಡೆ ಮರಗಳಿದ್ದವು. ಕನಸಿನಲ್ಲಿ ಅವನು ಯಾವಾಗಲೂ ಹೋಗುತ್ತಿದ್ದದ್ದು ಮರಗಳಿರುವ ದಾರಿಯಲ್ಲಿಯೇ.

ಕಾಲುವೆಯ ಸೇತುವೆ ಹತ್ತಿರ ಪಂಕ್ಚರ್ ಅಂಗಡಿಯವನು ಬೋರ್ಡು ಓದಿ ಎದ್ದು ನಿಂತ. "ಸಮುದ್ರದವರೆಗಾ? ಕೈಯಲ್ಲೇನಾ? ಅಯ್ಯಯ್ಯೋ, ನಿಮ್ಮಂಥವರನ್ನ ನೋಡಿದ್ದೇ ಪುಣ್ಯ ಸಾರ್!" ಎಂದು ಬೇಡವೆಂದರೂ ಕೇಳದೆ ಮೂರೂ ಚಕ್ರಕ್ಕೆ ಗಾಳಿ ತುಂಬಿಸಿ, ಸೇತುವೆಯ ಏರಿನ ಮೇಲೆ ತಾನೇ ತಳ್ಳಿದ. ಅದರಾಚೆ ಮೈದಾನದಲ್ಲಿ ವಾಲಿಬಾಲ್ ಆಡುತ್ತಿದ್ದ ಯುವಕರು ಆಟ ನಿಲ್ಲಿಸಿ ಕೈಬೀಸಿದರು. ಕೊಡೆಯಣ್ಣ ಎಲ್ಲರಿಗೂ ಹನಿಯ ವಿಷಯ ಹೇಳಿದ. ಎಲ್ಲರೂ ತಲೆಯಾಡಿಸಿ, "ಅದಿರಲಿ, ಸಮುದ್ರಕ್ಕೆ ಇನ್ನೂ ಎಷ್ಟು ದೂರ?" ಎಂದರು.

ಆಮೇಲೆ ಜನ ಕಡಿಮೆಯಾದರು. ಚಕ್ರದ ಸದ್ದು, ಎಲೆಯ ಸದ್ದು, ಕಾಲುವೆಯ ನೀರು, ಇಷ್ಟೇ. ಹಿಡಿಗಳು ಸುತ್ತುತ್ತಾ ಸುತ್ತುತ್ತಾ ಕೈ ತನ್ನದೇ ಎಂಬುದು ಮರೆತುಹೋಯಿತು. ರಸ್ತೆಯ ಮೇಲೆ ಬಿದ್ದ ನೆರಳೂ ಬಿಸಿಲೂ ಅಲುಗಾಡಿ, ಒಣ ನೆಲವೇ ತೆರೆಯಾಗಿ ಬಂದು ಚಕ್ರದ ಅಡಿ ಸರಿದುಹೋಗುವ ಹಾಗೆ ಕಾಣುತ್ತಿತ್ತು. ಇಷ್ಟು ಸುಖವನ್ನು ಅವನು ಬದುಕಿನಲ್ಲಿ ಕಂಡಿರಲಿಲ್ಲ. ಮಧ್ಯಾಹ್ನ ಒಂದು ದೊಡ್ಡ ಮರದ ಕೆಳಗೆ ಗಾಡಿ ನಿಲ್ಲಿಸಿ ಅರೆಗಣ್ಣು ಮುಚ್ಚಿದ. ಗದ್ದೆಗಳಾಚೆ, ದೂರದ ಹೊಸ ರಸ್ತೆಯ ಮೇಲೆ ಒಂದು ಹಳದಿ ವ್ಯಾನು ಹೋಯಿತು. ಅದರ ಕಿಟಕಿಗಳ ತುಂಬ ಪುಟ್ಟ ಪುಟ್ಟ ಕೈಗಳು. ಯಾವ ಊರಿನ ಪುಣ್ಯವಂತ ಮಕ್ಕಳೋ, ಎಲ್ಲಿಗೋ ಪಿಕ್ನಿಕ್ಕು ಹೊರಟಿವೆ ಎಂದುಕೊಂಡು ಕೊಡೆಯಣ್ಣ ಅವುಗಳ ಕಡೆ ಕೈಬೀಸಿದ.

ಬಾಯಾರಿತು. ಹಗ್ಗ ಸಡಿಲಿಸಿ ನೀರು ಹುಡುಕಿದ. ಮೊದಲು ಸಿಕ್ಕಿದ್ದು ಕಟಿಂಗ್ ಶಾಪಿನ ಸ್ಟೂಲು. ಆಮೇಲೆ ಯಾವುದೋ ಮಗುವಿನ ಹಾಲಿನ ಬಾಟಲಿ. ಆಮೇಲೆ ನರ್ಸಮ್ಮನ ಒಂದು ಚಪ್ಪಲಿ. ಇದೇನು ವಿಚಿತ್ರ ಎಂದು ನಗುತ್ತಾ ಕೈ ಒಳಗೆ ತೂರಿಸಿದರೆ ತಣ್ಣಗಿನ ಡಬ್ಬಿಯೊಂದು ಸಿಕ್ಕಿತು. 'ಅಮ್ಮ ತಣ್ಣೀರು ಇಟ್ಟಿದ್ದಾಳೆ' ಎಂದು ಅಕ್ಕರೆಯಿಂದ ಮುಚ್ಚಳ ತೆಗೆದ.

ಒಳಗೆ ಮಂಜುಗಡ್ಡೆಯ ನಡುವೆ ಹನಿಯ ಸೀಸೆಗಳು ಸಾಲಾಗಿ ಕೂತಿದ್ದವು.

ಕೊಡೆಯಣ್ಣ ತಟ್ಟನೆ ಮುಚ್ಚಳ ಮುಚ್ಚಿ, ಅದರ ಮೇಲೆ ಎರಡೂ ಕೈ ಊರಿ ಕೂತ. ಬೀದಿಯ ಕೂಸುಗಳೆಲ್ಲ ಅಲ್ಲಿ, ಹನಿಯೆಲ್ಲ ಇಲ್ಲಿ. ಇವತ್ತು ತಪ್ಪಿದರೆ ಯಾವ ಕೂಸಿಗೆ ಏನು ಕಾದಿದೆಯೋ ಯಾರು ಬಲ್ಲರು? ಊರೆಲ್ಲ ಸಂಭ್ರಮಕ್ಕೆ ಹೊರಟ ದಿನ ತನಗೆ ಹನಿ ತಪ್ಪಿತ್ತು. ಈಗ ತನ್ನದೇ ಸಂಭ್ರಮಕ್ಕೆ ಊರೆಲ್ಲ ಬಂದು, ಅವರ ಮಕ್ಕಳಿಗೆ ಹನಿ ತಪ್ಪಿಹೋಗುತ್ತಿತ್ತು. ನಾಚಿಕೆಯೂ ಭಯವೂ ಒಟ್ಟಿಗೆ ಬಂದು ಅವನ ಕಣ್ಣಲ್ಲಿ ನೀರಾಡಿತು. ಫೋನಿಗೆ ಜೇಬು ತಡಕಿದರೆ ಫೋನಿಲ್ಲ. ಅದು ಮನೆಯಲ್ಲಿ ಚಾರ್ಜಿಗೆ ಹಾಕಿದ ಕಡೆಯೇ ಉಳಿದಿತ್ತು.

ಸೀಟಿನ ಮೇಲೆ ಕಟ್ಟಿಕೊಂಡಿದ್ದ ದೊಡ್ಡ ಕೊಡೆಯನ್ನು ಬಿಚ್ಚಿ ಡಬ್ಬಿಯ ಮೇಲೆ ನೆರಳಾಗುವಂತೆ ವಾಲಿಸಿದ. ತಾನು ಬಿಸಿಲಿನಲ್ಲಿ ಕೂತು, ಗಾಡಿಯನ್ನು ಮನೆಯ ಕಡೆ ತಿರುಗಿಸಿದ.

ಮೈದಾನದ ಹತ್ತಿರ ಬರುವಷ್ಟರಲ್ಲಿ ವಾಲಿಬಾಲಿನ ಯುವಕರು ದಾರಿಗೆ ಅಡ್ಡ ನಿಂತರು.

"ಅಣ್ಣಾ, ಅಣ್ಣಾ! ಉಲ್ಟಾ ಬರ್ತಿದ್ದೀರಿ! ಸಮುದ್ರ ಆ ಕಡೆ!"

"ಗೊತ್ತಪ್ಪಾ. ನಾನು ಮನೆಗೆ ಹೋಗ್ಬೇಕು."

ಯುವಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಎತ್ತರದವನು ಮಂಡಿಯೂರಿ ಕೂತು ಕೊಡೆಯಣ್ಣನ ಭುಜ ಹಿಡಿದ. "ಮೊದಲನೇ ದಿನ ಎಲ್ರಿಗೂ ಹೀಗೇ ಆಗತ್ತೆ ಅಣ್ಣಾ. ಮನೆ ನೆನಪಾಗತ್ತೆ. ಧೈರ್ಯ ಬಿಡಬಾರದು."

"ಧೈರ್ಯದ ವಿಷಯ ಅಲ್ಲಪ್ಪಾ, ಇಲ್ನೋಡು, ಹನಿಯ ಡಬ್ಬಿ! ನಮ್ಮ ಬೀದಿ ಮಕ್ಕಳಿಗೆ ಹಾಕ್ಬೇಕಾದ್ದು. ನನ್ನ ಗಾಡಿಗೆ ಬಂದ್ಬಿಟ್ಟಿದೆ."

ಡಬ್ಬಿ ತೋರಿಸಿದ್ದೇ ತಪ್ಪಾಯಿತು. "ನೋಡ್ರೋ, ಸಮುದ್ರದವರೆಗೂ ಹನಿ ಹೊತ್ಕೊಂಡು ಹೋಗ್ತಿದ್ದಾರೆ!" ಎಂದು ಒಬ್ಬ ಕೂಗಿದ. ಉಳಿದವರು ಚಪ್ಪಾಳೆ ತಟ್ಟಿದರು. ಒಂದು ಫೋನಾದರೂ ಕೊಡಿ ಎಂದು ಕೊಡೆಯಣ್ಣ ಅಂಗಲಾಚಿದ. ಕೊಟ್ಟರು. ಆದರೆ ಕೈಗೆ ಬಂದ ಮೇಲೆ ಗೊತ್ತಾಯಿತು, ತನಗೆ ಬಾಯಿಪಾಠ ಬರುವುದು ತನ್ನ ನಂಬರು ಒಂದೇ. ಅದಕ್ಕೇ ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ.

"ನೋಡಿದ್ರಾ ಅಣ್ಣಾ," ಎಂದ ಎತ್ತರದವನು, "ಮನೆಯವರೇ ಎತ್ತುತ್ತಿಲ್ಲ ಅಂದ್ರೆ ಏನರ್ಥ? ನೀವು ಗೆದ್ದೇ ಬರಬೇಕು ಅಂತ ಮನಸ್ಸು ಕಲ್ಲು ಮಾಡ್ಕೊಂಡಿದ್ದಾರೆ."

ಇಷ್ಟು ಹೇಳಿ ಯುವಕರು ಗಾಡಿಯನ್ನು ಕೊಡೆಯಣ್ಣನ ಸಮೇತ ಅನಾಮತ್ತಾಗಿ ಎತ್ತಿ ತಿರುಗಿಸಿದರು. ಆಮೇಲೆ ಹಾಡು ಹೇಳುತ್ತಾ, ಓಡುತ್ತಾ, ಸಮುದ್ರದ ದಿಕ್ಕಿಗೆ ತಳ್ಳಿಕೊಂಡು ಹೋದರು. ಅವನು ಕೂಗಿದಷ್ಟೂ ಅವರ ಹುರುಪು ಹೆಚ್ಚಿತು. ಮಧ್ಯಾಹ್ನದ ಮರವೂ ದಾಟಿತು, ಅದರಾಚೆಯ ಇನ್ನೊಂದು ಮರವೂ ದಾಟಿತು. ಅಲ್ಲಿ ಬಿಟ್ಟು, ಬೆನ್ನು ತಟ್ಟಿ ಹಿಂದಿರುಗಿದರು. ಗಾಡಿ ನಿಂತಾಗ ಕೊಡೆಯಣ್ಣ ಮೊದಲಿಗಿಂತ ದೂರದಲ್ಲಿದ್ದ.

ಮತ್ತೆ ತಿರುಗಿಸಿದ. ಈ ಸಲ ಸಿಕ್ಕಿದ್ದು ಟ್ರ್ಯಾಕ್ಟರು. ಅದನ್ನು ಓಡಿಸುತ್ತಿದ್ದ ಮುದುಕಪ್ಪನಿಗೆ ಬೋರ್ಡು ಓದಲು ಬರುತ್ತಿತ್ತು, ಇಂಜಿನಿನ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಆತ ಇಳಿದು ಬಂದು, ಗಾಡಿಯನ್ನು ಹೊರಳಿಸಿ, ಮುಂದಿನ ಚಕ್ರದ ಮೇಲಿನ ಕಂಬಿಗೆ ಹಗ್ಗ ಕಟ್ಟಿ, "ಪಾಪ, ಕೈ ಎಷ್ಟೂಂತ ತಿರುಗಿಸ್ತೀಯ ಮಗಾ, ದಾರಿ ಒಂದೇ, ಬಾ!" ಎಂದು ಹೊರಟೇಬಿಟ್ಟ. ಸಮುದ್ರದ ಕಡೆಗೆ. ಕೊಡೆಯಣ್ಣ ಒಂದು ಕೈಯಲ್ಲಿ ಡಬ್ಬಿಯನ್ನೂ ಇನ್ನೊಂದರಲ್ಲಿ ಕೊಡೆಯನ್ನೂ ಹಿಡಿದು, "ನಿಲ್ಸಿ ತಾತಾ! ನಿಲ್ಸಿ!" ಎಂದು ಅರಚಿದ. ತಾತ ಹಿಂದಿರುಗಿ ನೋಡಿ, ತನ್ನ ಹಾಡಿಗೆ ಇವನು ದನಿಗೂಡಿಸುತ್ತಿದ್ದಾನೆ ಎಂದುಕೊಂಡು ಇನ್ನೂ ಎತ್ತರದ ಸ್ವರಕ್ಕೆ ಹೋದ.

ಕೊನೆಗೆ ಕೊಡೆಯಣ್ಣ ಮುಂದಕ್ಕೆ ಬಾಗಿ, ಮುಚ್ಚಳ ತೆಗೆಯುವ ತನ್ನ ಬೆರಳುಗಳಿಂದ ಗಂಟು ಬಿಡಿಸಿದ. ಗಾಡಿ ಒಂದಷ್ಟು ದೂರ ತಾನಾಗಿ ಉರುಳಿ ನಿಂತಿತು. ತಾತ, ಹಾಡು, ಟ್ರ್ಯಾಕ್ಟರು ಮೂರೂ ದೂಳಿನಲ್ಲಿ ಮಾಯವಾದವು. ಸುತ್ತ ನಿಶ್ಶಬ್ದ. ಡಬ್ಬಿಗೆ ಕೆನ್ನೆ ಒತ್ತಿ ನೋಡಿದ. ಇನ್ನೂ ತಣ್ಣಗಿತ್ತು, ಅಥವಾ ತನ್ನ ಕೆನ್ನೆಯೇ ಕಾದುಹೋಗಿತ್ತು. ತೆರೆದು ನೋಡುವ ಧೈರ್ಯವಾಗಲಿಲ್ಲ.

ಆಗ ಅವನಿಗೆ ಬುದ್ಧಿ ಹೊಳೆಯಿತು. ತನ್ನನ್ನು ಹಿಡಿದು ಹಿಡಿದು ತಿರುಗಿಸುತ್ತಿರುವುದು ಜನರಲ್ಲ, ಈ ಬೋರ್ಡು! ಲಗೇಜಿನಲ್ಲಿದ್ದ ಹೊದಿಕೆಯನ್ನು ಹಿಂದಿನ ಬೋರ್ಡಿಗೆ ಸುತ್ತಿದ, ಅಂಗಿ ಬಿಚ್ಚಿ ಮುಂದಿನದಕ್ಕೆ ತೊಡಿಸಿದ. ಬನಿಯನ್ನಿನಲ್ಲಿ ಕೂತು ಮನೆಯ ಕಡೆ ಹೊರಟ.

ಬೋರ್ಡು ಮುಚ್ಚಿದ್ದೇ ಮುಚ್ಚಿದ್ದು, ಅವನು ಲೋಕದ ಕಣ್ಣಿಗೆ ಬೀಳುವುದೇ ನಿಂತುಹೋಯಿತು. ಮೈದಾನದಲ್ಲಿ ವಾಲಿಬಾಲಿನ ಯುವಕರು ಚೆಂಡಿನಿಂದ ಕಣ್ಣು ತೆಗೆಯಲಿಲ್ಲ. ಚೆಂಡು ಉರುಳಿ ಅವನ ಚಕ್ರಕ್ಕೇ ಬಂದು ತಾಗಿದಾಗ, ಸ್ವಲ್ಪ ಹೊತ್ತಿಗೆ ಮುಂಚೆ ಅವನಿಗೆ ಧೈರ್ಯ ಹೇಳಿದ್ದ ಅದೇ ಎತ್ತರದವನು, "ಸ್ವಲ್ಪ ಚೆಂಡು ಎಸೀರಿ," ಎಂದು ಕೂಗಿದ, ಅಷ್ಟೇ. ಸೇತುವೆಯ ಏರಿನ ಕೆಳಗೆ ಕೊಡೆಯಣ್ಣನ ತೋಳು ಸೋತು ನಡುಗುತ್ತಿತ್ತು. ಈಗ ಯಾರಾದರೂ ತಳ್ಳಿದರೆ ಬೇಡ ಎನ್ನುತ್ತಿರಲಿಲ್ಲ. ಸೇತುವೆಯಾಚೆಯಿಂದಲೇ ಪಂಕ್ಚರ್ ಅಂಗಡಿಯವನು ಟ್ಯೂಬಿನಿಂದ ತಲೆಯೆತ್ತಿ, "ಸೈಡಿಗೆ ಹೋಗಪ್ಪಾ, ಗಾಡಿಗಳು ಬರ್ತವೆ," ಎಂದು ಮತ್ತೆ ತಲೆ ತಗ್ಗಿಸಿದ. ಸಮುದ್ರಕ್ಕೆ ಹೋಗುವ ಮನುಷ್ಯನಿಗೆ ಸಿಕ್ಕ ಗಾಳಿ, ಮನೆಗೆ ಹೋಗುವ ಮನುಷ್ಯನಿಗೆ ಸಿಗಲಿಲ್ಲ.

ಕೊಡೆಯಣ್ಣನಿಗೆ ಬೇಸರವಾಗುವುದಕ್ಕೂ ಪುರುಸೊತ್ತಿರಲಿಲ್ಲ. ಹಲ್ಲು ಕಚ್ಚಿ ಏರು ಹತ್ತಿದ. ಇಳಿಜಾರಿನಲ್ಲಿ ಸಂಜೆಯ ಗಾಳಿ ಮುಖಕ್ಕೆ ಬಂತು. ಆಮೇಲೆ ದಾರಿ ಹೇಗೆ ಸಾಗಿತೋ ಅವನಿಗೇ ತಿಳಿಯದು. ಕಣ್ಣು ಎಳೆಯುತ್ತಿತ್ತು, ಕೈ ತಿರುಗುತ್ತಿತ್ತು. ಮರಗಳ ನಡುವೆ ಹೊನ್ನಿನ ಬೆಳಕು ಇಳಿದು ಕಾಲುವೆಯೂ ರಸ್ತೆಯೂ ಒಂದೇ ಬಣ್ಣವಾದವು. ನೀರಿನ ಮೇಲೆ ಹೋಗುತ್ತಿದ್ದೇನೆ ಅನ್ನಿಸಿತು. ದಡದಲ್ಲಿ ಬೀದಿಯ ಕೂಸುಗಳೆಲ್ಲ ಗುಬ್ಬಿಮರಿಗಳ ಹಾಗೆ ಬಾಯಿ ತೆರೆದು ಕೂತಿವೆ. ಅವನು ದೋಣಿ ನಡೆಸಿಕೊಂಡು ಬಂದು ಒಂದೊಂದರ ಬಾಯಿಗೂ ಹನಿ ಬಿಡುತ್ತಿದ್ದಾನೆ. 'ಇನ್ನೊಂದು ಸ್ವಲ್ಪ ತಡೀರಿ ಕಂದಮ್ಮಗಳಾ, ಬಂದೆ,' ಎಂದು ಅವನು ಗಟ್ಟಿಯಾಗಿಯೇ ಹೇಳಿದ. ದಾರಿಯಲ್ಲಿ ಹೋಗುತ್ತಿದ್ದ ಹಸುವೊಂದು ತಿರುಗಿ ನೋಡಿತು.

ಬೀದಿಯ ದೀಪ ಹೊತ್ತುವ ಹೊತ್ತಿಗೆ ಅವನು ತಿರುವು ದಾಟಿ ಒಳಗೆ ಬಂದ. "ನರ್ಸಮ್ಮಾ! ಡಬ್ಬಿ ಬಂತು! ಮಕ್ಕಳನ್ನ ಕರೀರಿ!"

ಯಾರೂ ಇಲ್ಲ. ಬಾಗಿಲುಗಳಿಗೆಲ್ಲ ಬೀಗ. ಕಟಿಂಗ್ ಶಾಪು ಮುಚ್ಚಿತ್ತು. ಚೀಪಿ ಬಿಸಾಕಿದ ರಿಬ್ಬನ್ನಿನ ತುಂಡು ನೆಲದ ಮೇಲಿತ್ತು. ಖಾಲಿ ಮೇಜಿನ ಪಕ್ಕದ ಕುರ್ಚಿಯಲ್ಲಿ ಅಮ್ಮ ಒಬ್ಬಳೇ ನೆಟ್ಟಗೆ ಕೂತಿದ್ದಳು, ಮಡಿಲಲ್ಲಿ ಯಾರೋ ಮನೆಯಿಂದ ತಂದುಕೊಟ್ಟಿದ್ದ ಅವನ ಫೋನು.

"ಬಂದ್ಯಾ," ಎಂದಳು, ಅವನು ಮೂಲೆಯ ಅಂಗಡಿಗೆ ಹೋಗಿಬಂದ ಹಾಗೆ. "ಅಂಗಿ ಎಲ್ಲೋ?"

"ಅಮ್ಮಾ, ಎಲ್ರೂ ಎಲ್ಲಿ?"

"ನಿನ್ನ ಹಿಂದೇ ಹೋದ್ರಲ್ಲ! ಡಬ್ಬಿ ಇಲ್ಲ ಅಂತ ಗೊತ್ತಾಯ್ತು. ನರ್ಸಮ್ಮ ಅಳೋದೊಂದು ಬಾಕಿ. ಕಂಡಕ್ಟ್ರು, 'ಡಬ್ಬಿ ಮಕ್ಕಳ ಹತ್ರ ಬರೋದು ತಡ ಆಗತ್ತೆ, ಮಕ್ಕಳನ್ನೇ ಡಬ್ಬಿ ಹತ್ರ ಕರ್ಕೊಂಡು ಹೋಗೋಣ' ಅಂತ ಸ್ಕೂಲ್ ವ್ಯಾನು ತರಿಸಿ, ಸೀಟಿ ಊದಿ, ಬೀದಿ ಬೀದಿನೇ ತುಂಬ್ಕೊಂಡು ಹೋದ್ರು."

ಕೊಡೆಯಣ್ಣನ ಕಣ್ಣ ಮುಂದೆ ಗದ್ದೆಯಾಚೆಯ ಹಳದಿ ವ್ಯಾನು ಮತ್ತೊಮ್ಮೆ ಹೋಯಿತು. ತಾನು ಅದಕ್ಕೆ ಕೈ ಬೇರೆ ಬೀಸಿದ್ದ. "ನೀನ್ಯಾಕೆ ಹೋಗ್ಲಿಲ್ಲ?" ಎಂದ, ಏನಾದರೂ ಕೇಳಬೇಕಲ್ಲ ಎಂದು.

ಅಮ್ಮ ಫೋನನ್ನು ಮಡಿಲಲ್ಲಿ ಸರಿಯಾಗಿಟ್ಟುಕೊಂಡಳು. "ಅವತ್ತು ಎಲ್ರೂ ಹೊರಟ್ರು ಅಂತ ನಾನೂ ಗಾಡಿ ಹತ್ತಿದೆ. ಇವತ್ತು ಯಾರು ಕರೆದ್ರೂ ಈ ಕುರ್ಚಿ ಬಿಟ್ಟು ಏಳಲಿಲ್ಲ ಕಣೋ. ಯಾವುದಾದ್ರೂ ಒಂದು ಕೂಸು ಉಳ್ಕೊಂಡಿದ್ರೆ?"

ಕೊಡೆಯಣ್ಣ ಅವಳ ಕೈಮೇಲೆ ಕೈಯಿಟ್ಟ. ಅಷ್ಟರಲ್ಲಿ ಮಡಿಲಲ್ಲಿದ್ದ ಫೋನು ಬಡಿದುಕೊಂಡಿತು.

"ಬೆಳಿಗ್ಗೆಯಿಂದ ಹೀಗೇ," ಎಂದಳು ಅಮ್ಮ. "ಪ್ರತಿ ಸಲಾನೂ ಹೇಳ್ದೆ, ಅವನು ಊರಲ್ಲಿಲ್ಲ ಅಂತ."

"ಎತ್ತಿ ಹೇಳಿದ್ಯಾ?"

"ನಿನ್ನ ಫೋನು ನಾನ್ಯಾಕೆ ಎತ್ಲಿ? ಹೀಗೇ ಹೇಳ್ದೆ."

ಕೊಡೆಯಣ್ಣ ಎತ್ತಿದ. ಆ ಕಡೆ ದೊಡ್ಡ ಗದ್ದಲ, ಅದರ ಹಿಂದೆ ಭೋರೆಂಬ ಸದ್ದು, ಅದರ ನಡುವೆ ಕಂಡಕ್ಟರ್ ಮಾವನ ದನಿ. "ಲೋ! ಎಲ್ಲಿದ್ದೀಯೋ? ನಾವು ಕೊನೇ ಸ್ಟಾಪಿಗೇ ಬಂದ್ವಿ, ನೀನೇ ಇಲ್ಲ!"

"ನಾನು ಮನೇಲಿದ್ದೀನಿ ಮಾವ. ಡಬ್ಬಿ ತಂದಿದ್ದೀನಿ. ಮಕ್ಕಳಿಗೆ ಹನಿ? ಮೊದ್ಲು ಅದು ಹೇಳಿ!"

"ಅಯ್ಯೋ, ಅದು ಮಧ್ಯಾಹ್ನವೇ ಮುಗೀತಲ್ಲ! ಪಕ್ಕದೂರಲ್ಲೂ ಇವತ್ತು ಹನಿ. ನರ್ಸಮ್ಮನ ಗೆಳತಿಯೇ ಕೂತಿದ್ರು. ವ್ಯಾನು ನಿಲ್ಲಿಸಿ, ಎಲ್ಲಾ ಮಕ್ಕಳಿಗೂ ಸಾಲಾಗಿ ಹಾಕಿಸಿಬಿಟ್ವಿ. ಒಂದೂ ಬಿಟ್ಟಿಲ್ಲ. ಆದ್ರೆ ನಿನಗೆ ಡಬ್ಬಿ ಯೋಚನೆ ಆಗಿರತ್ತೆ, ಹೇಳಿ ಹೋಗೋಣ ಅಂತ ಮುಂದೆ ಬಂದ್ವಿ. ಎಷ್ಟು ಬಂದ್ರೂ ನೀನಿಲ್ಲ. ಒಂದೊಂದು ತಿರುವಲ್ಲೂ ನೀನು ಕಾಣದೇ ಇದ್ದಾಗ, 'ಅಬ್ಬಾ, ಏನು ಸ್ಪೀಡಪ್ಪಾ ನಮ್ಮ ಹುಡುಗಂದು' ಅಂತ ಎಲ್ರಿಗೂ ಹೆಮ್ಮೆ! ಹಾಗೇ ನೋಡ್ತಾ ನೋಡ್ತಾ ಸಮುದ್ರ ಬಂದ್ಬಿಡ್ತು."

ಫೋನನ್ನು ನರ್ಸಮ್ಮ ಕಿತ್ತುಕೊಂಡರು. "ಅಲ್ಲಾ ಕೊಡೆಯಣ್ಣಾ, ಮುಚ್ಚಳ ಹಾಕಿದ್ರೆ ಆ ಡಬ್ಬಿ ನಾಳೆವರೆಗೂ ತಣ್ಣಗಿರತ್ತೆ. ನೀವ್ಯಾಕೆ ಅಷ್ಟು ಒದ್ದಾಡಿಕೊಂಡು ವಾಪಸ್ ಹೋದ್ರಿ? ಆಮೇಲೆ, ನನ್ನ ಒಂದು ಚಪ್ಪಲಿ ಅಲ್ಲಿದೆಯಾ ನೋಡಿ."

ಮತ್ತೆ ಮಾವ. "ಇಲ್ಲಿ ನಿನ್ನನ್ನ ಸ್ವಾಗತಿಸೋಕೆ ನಾನು ಮೊದಲೇ ಹೇಳಿಟ್ಟಿದ್ದವರು ಭಾಳ ಒಳ್ಳೇ ಜನ. ಮುಂದಿನ ವಾರ ಅಂದ್ಕೊಂಡಿದ್ರಂತೆ, ನಾವು ಬಂದ್ವಿ ಅಂತ ಇವತ್ತೇ ಮಾಡಿಬಿಟ್ರು. ಬ್ಯಾಂಡು, ಪದಕ, ಎಲ್ಲಾ. ನಿನ್ನ ಪರವಾಗಿ ನಾನೇ ಪದಕ ಹಾಕಿಸ್ಕೊಂಡೆ. ನಿನಗಿನ್ನು ಆ ಚಿಂತೆ ಬೇಡ. ಬೀಳ್ಕೊಡುಗೆ ಮಾತ್ರ ನಾಳೆ ಮತ್ತೆ ಮೊದಲಿಂದ ಇಡ್ತೀವಿ. ಇವತ್ತು ಕಟಿಂಗ್ ಶಾಪಿನವನ ಭಾಷಣ ಅರ್ಧಕ್ಕೇ ನಿಂತಿತ್ತು."

ಕೊಡೆಯಣ್ಣ ಡಬ್ಬಿಯ ಮೇಲಿಂದ ಕೊಡೆ ತೆಗೆದ. ಮಕ್ಕಳಿಗೆ ಹನಿ ಬಿದ್ದಿತ್ತು, ಆ ಸಮಾಧಾನ ಮೈಯೊಳಗೆ ತಂಪಾಗಿ ಹರಡುತ್ತಿತ್ತು. ಅದರ ಹಿಂದೆಯೇ ತೋಳುಗಳ ನೋವೂ ಬಂತು. ಬೀದಿಯ ಕೂಸುಗಳು, ಕಟಿಂಗ್ ಶಾಪಿನವನು, ಒಂದೇ ಚಪ್ಪಲಿಯ ನರ್ಸಮ್ಮ, ಎಲ್ಲರೂ ಅಲ್ಲಿ ಪಾದ ತೋಯಿಸಿಕೊಂಡು ನಿಂತಿದ್ದಾರೆ.

"ಮಾವ," ಎಂದ ಮೆಲ್ಲಗೆ, "ಫೋನು ಒಂಚೂರು ನೀರಿನ ಹತ್ರ ಹಿಡೀತೀರಾ?"

"ಓಹೋ, ಅದಕ್ಕೇನಂತೆ!"

ಕೊಡೆಯಣ್ಣ ಕಣ್ಣು ಮುಚ್ಚಿ ಫೋನನ್ನು ಕಿವಿಗೆ ಒತ್ತಿಕೊಂಡ. ಗದ್ದಲ ಹಿಂದೆ ಸರಿಯಿತು. ಭೋರೆಂಬ ಸದ್ದು ಹತ್ತಿರವಾಯಿತು, ಎದ್ದಿತು, ಉರುಳಿತು, ಉಸ್ಸೆಂದು ಹಿಂದೆ ಜಾರಿತು. ಮತ್ತೆ ಎದ್ದಿತು. ಇನ್ನೂ ಹತ್ತಿರ. ಮಾವ ಉತ್ಸಾಹದಲ್ಲಿ ಬಗ್ಗಿದರೆಂದು ಕಾಣುತ್ತದೆ, ಒಮ್ಮೆಲೇ ಇಡೀ ಸಮುದ್ರ ಕಿವಿಯೊಳಗೆ ನುಗ್ಗಿದ ಹಾಗಾಯಿತು. ಗುಳುಕ್ ಎಂದಿತು. ಆಮೇಲೆ ಏನೂ ಇಲ್ಲ.

ಅವನು ಇನ್ನೂ ಸ್ವಲ್ಪ ಹೊತ್ತು ಫೋನನ್ನು ಹಾಗೆಯೇ ಹಿಡಿದು ಕೂತ.

"ಏನಂತೋ?" ಎಂದಳು ಅಮ್ಮ.

"ಎಲ್ಲಾ ಮಕ್ಕಳಿಗೂ ಹನಿ ಬಿತ್ತಂತೆ ಅಮ್ಮಾ. ಒಂದೂ ಉಳಿದಿಲ್ಲ."

ಅಮ್ಮ ಬೆಳಗಿನಿಂದ ಕೂತಿದ್ದ ಕುರ್ಚಿಯಿಂದ ಆಗ ಎದ್ದಳು. ಸೀರೆ ಕೊಡವಿಕೊಂಡು, ಗಾಡಿಯ ಹಿಂದೆ ಬಂದು, ಮನೆಯ ಕಡೆ ತಳ್ಳತೊಡಗಿದಳು. ಕೊಡೆಯಣ್ಣ ಬೇಡ ಎನ್ನಲಿಲ್ಲ. ಎರಡು ಮನೆ ದಾಟಿದ ಮೇಲೆ ಅವಳಿಗೆ ನೆನಪಾಯಿತು.

"ಅಂದ ಹಾಗೆ, ಸಮುದ್ರ ಸಿಕ್ತೇನೋ?"

"ಕಿವಿವರೆಗೂ ಬಂದಿತ್ತು ಅಮ್ಮಾ," ಎಂದ ಕೊಡೆಯಣ್ಣ.